ಗಾಜಿನಲ್ಲಿ ಮುಗಿಯುತ್ತಿದ್ದ ಚಿತ್ರ

(ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯಲ್ಲಿ ಇಲ್ಲಿಯವರೆಗೆ ನಡೆದ ಉಪನ್ಯಾಸಗಳ ಪಟ್ಟಿಯನ್ನು ಕಾರ್ಯದರ್ಶಿಗಳು ನನಗೆ ಕಳಿಸಿದ್ದರು. ವಚನಗಳಿವೆ, ಕೆರೆಗಳಿವೆ, ಹಳಗನ್ನಡ ವ್ಯಾಕರಣವಿದೆ. ಹಳೆಯ ವಿಡಿಯೊ ಗೇಮುಗಳ ಬಗ್ಗೆ ಮಾತಾಡುತ್ತೇನೆ ಎಂದು ನಾನು ತಿಳಿಸಿದ ಮೇಲೆ ಎರಡು ದಿನ ಆ ಕಡೆಯಿಂದ ಸದ್ದಿರಲಿಲ್ಲ. ಮೂರನೆಯ ದಿನ ಫೋನು ಬಂತು: ‘ಸ್ವಲ್ಪ ಗಂಭೀರವಾಗಿ ಇರುತ್ತದಲ್ಲ ಸಾರ್?’ ಇರುತ್ತದೆ ಅಂದೆ. ಆ ಮಾತು ಉಳಿಸಿಕೊಳ್ಳುವುದು ಈಗ ನನ್ನ ಪಾಡು.

ಮುಂದಿನ ಸಾಲಿನಲ್ಲಿ ಟಿವಿ ರಿಮೋಟು ಬಿಟ್ಟು ಬೇರೆ ಯಾವ ಗುಂಡಿಯನ್ನೂ ಒತ್ತದವರು ಕೂತಿದ್ದೀರಿ, ಹಾಗಾಗಿ ಪ್ರಶ್ನೆಯನ್ನು ಮೊದಲೇ ಬಿಡಿಸಿ ಇಡುತ್ತೇನೆ. ನಲವತ್ತು ವರ್ಷ ಹಿಂದಿನ ಒಂದು ಆಟವನ್ನು ಇವತ್ತು ಆಡಬೇಕು ಅಂದುಕೊಳ್ಳಿ. ಆ ಕಾಲದ್ದೇ ಯಂತ್ರ, ಆ ಕಾಲದ್ದೇ ಕ್ಯಾಸೆಟ್ಟು ಹುಡುಕಿ ತಂದು, ಬಂದಷ್ಟು ಚಿತ್ರ ನೋಡುತ್ತ ಆಡಬಹುದು. ಅಥವಾ ಹೊಸ ಯಂತ್ರದಲ್ಲಿ ಆ ಆಟದ ಪ್ರತಿಯನ್ನು ಹಾಕಿ, ಒರೆಸಿಟ್ಟ ಕನ್ನಡಿಯಂಥ ಚಿತ್ರದಲ್ಲಿ ಆಡಬಹುದು. ಲೋಕದಲ್ಲಿ ಇದಕ್ಕಾಗಿ ಎರಡು ಪಂಗಡಗಳಾಗಿವೆ. ಅಸಲಿ ಯಂತ್ರವೇ ಬೇಕು ಅನ್ನುವವರು ಯಂತ್ರವಾದಿಗಳು, ಚಿತ್ರ ಚೊಕ್ಕವಾಗಿರಬೇಕು ಅನ್ನುವವರು ಚಿತ್ರವಾದಿಗಳು. ಹೆಸರು ನಾನು ಇಟ್ಟದ್ದು. ಅವರ ಜಗಳ ನಮ್ಮ ದ್ವೈತ ಅದ್ವೈತದಷ್ಟು ಹಳೆಯದಲ್ಲವಾದರೂ ಬಿಸಿಯಲ್ಲಿ ಕಡಿಮೆಯಿಲ್ಲ. ನಾನು ಎರಡೂ ಕಡೆ ಕೆಲವು ವರ್ಷ ಕಳೆದು, ಎರಡೂ ಕಡೆ ದುಡ್ಡು ಕಳೆದು ಬಂದವನು.

1993ರ ಬೇಸಿಗೆ ರಜೆಯಲ್ಲಿ ನಮ್ಮ ಸೋದರಮಾವ ಬೆಂಗಳೂರಿನಿಂದ ದಾವಣಗೆರೆಗೆ ಬರುವಾಗ ಮೆಜೆಸ್ಟಿಕ್ಕಿನ ಯಾವುದೋ ಅಂಗಡಿಯಿಂದ ಒಂದು ಪೆಟ್ಟಿಗೆ ತಂದರು. ಕೆಂಪು ಬಿಳಿ ಪ್ಲಾಸ್ಟಿಕ್ಕು, ಎರಡು ಕಂಟ್ರೋಲರು, ಒಂದು ಬಂದೂಕು. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದಿತ್ತು. ಎಣಿಸಿದರೆ ಇದ್ದದ್ದು ಐದಾರು ಆಟ. ಉಳಿದವು ಅದೇ ಆಟವನ್ನು ಎರಡನೆಯ ಹಂತದಿಂದ, ಮೂರನೆಯ ಹಂತದಿಂದ ಶುರು ಮಾಡುವ ಚಮತ್ಕಾರ. ಟಿವಿಯ ಆಂಟೆನಾ ಪಿನ್ನು ಕಿತ್ತು ಇದರ ವೈರು ಸಿಕ್ಕಿಸಿ, ಟ್ಯೂನಿಂಗ್ ತಿರುಗಿಸುತ್ತ ಹೋದರೆ ಗೊರಗೊರ ಸದ್ದಿನ ನಡುವಿನಿಂದ ಆಟದ ನಾಯಕ, ಮೀಸೆಯ ಮಾರಿಯೋ ಎದ್ದು ಬರುತ್ತಿದ್ದ. ನಮ್ಮಜ್ಜಿಯದು ಒಂದೇ ತಕರಾರು: ‘ಆ ಆಟ ಆಡಿದ್ರೆ ಟಿವಿ ಟ್ಯೂಬು ಹೋಗ್ತದೆ ಕಣೋ.’ ಆಗಿನ ಕಾಲದ ಕಲರ್ ಟಿವಿ ಇದ್ದ ಮನೆಗಳಲ್ಲೆಲ್ಲ ಈ ಮಾತಿತ್ತು. ಮುಂದೆ ಎಲೆಕ್ಟ್ರಾನಿಕ್ಸ್ ಓದಿದ ಮೇಲೆ ಗೊತ್ತಾಯಿತು, ಅಜ್ಜಿಯದು ಪೂರ್ತಿ ಸುಳ್ಳಲ್ಲ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಗಾಜಿನ ಒಳಮೈಗೆ ಬಳಿದ ರಂಜಕ ಅಲ್ಲಲ್ಲಿ ಸವೆದು ಕಲೆ ಉಳಿಯುತ್ತದೆ.

ಆ ಪೆಟ್ಟಿಗೆ ನಕಲಿ ಎಂಬುದು ನನಗೆ ತಿಳಿದದ್ದು ಹದಿನೈದು ವರ್ಷದ ನಂತರ. ಅದರ ಮೂಲ ಜಪಾನಿನ ನಿಂಟೆಂಡೊ ಕಂಪನಿಯ ‘ಫ್ಯಾಮಿಲಿ ಕಂಪ್ಯೂಟರ್’, ಅಲ್ಲಿಯ ಜನರ ಬಾಯಲ್ಲಿ ‘ಫ್ಯಾಮಿಕಾಮ್’. ಮಸಾಯುಕಿ ಉಎಮುರಾ ಎಂಬ ಎಂಜಿನಿಯರ್ ಮುಂದಾಳಾಗಿ ರೂಪಿಸಿದ್ದು, 1983ರ ಜುಲೈ 15ರಂದು ಮಾರುಕಟ್ಟೆಗೆ ಬಂದದ್ದು. ಅಸಲಿ ಸಿಕ್ಕರೆ ಬಾಲ್ಯ ಪೂರ್ತಿಯಾದೀತು ಅನ್ನುವ ಆಸೆಯಲ್ಲಿ ಜಪಾನಿಗೆ ಹೋದ ಸಹೋದ್ಯೋಗಿಯೊಬ್ಬರ ಕೈಲಿ ಒಂದನ್ನು ತರಿಸಿದೆ. ಮೊದಲ ಸಂಗತಿ, ಅದಕ್ಕೆ ಬೇಕಾದ್ದು ಜಪಾನಿನ 100 ವೋಲ್ಟ್ ಅಡಾಪ್ಟರು. ನಮ್ಮ ಗೋಡೆಗೆ ನೇರ ಸಿಕ್ಕಿಸಿದರೆ ಹೊಗೆ. ಅದಕ್ಕೊಂದು ಟ್ರಾನ್ಸ್‌ಫಾರ್ಮರು ಬಂತು. ಎರಡನೆಯದು, ಮೂಲ ಫ್ಯಾಮಿಕಾಮ್ ಕೊಡುವುದು ಆಂಟೆನಾಗೆ ಹೋಗುವ ಸಿಗ್ನಲ್ ಮಾತ್ರ, ಅದೂ ಜಪಾನಿನ ಪದ್ಧತಿಯ ಚಾನೆಲ್ಲುಗಳಿಗೆ. ನಮ್ಮ ಪಾಲ್ ಪದ್ಧತಿಯ ಟಿವಿಯಲ್ಲಿ ಚಿತ್ರವೂ ಸರಿಯಿಲ್ಲ, ಸದ್ದೂ ಸರಿಯಿಲ್ಲ. ಕೊನೆಗೆ ಪೆಟ್ಟಿಗೆ ಬಿಚ್ಚಿ, ಸೋಲ್ಡರಿಂಗ್ ಕಡ್ಡಿ ಹಿಡಿದು, ಒಂದು ಟ್ರಾನ್ಸಿಸ್ಟರು ಎರಡು ರೆಸಿಸ್ಟರು ಹಾಕಿ ಹಳದಿ ಪಿನ್ನಿನ ವಿಡಿಯೊ ವೈರು ಹೊರತೆಗೆದೆ. ಅಸಲಿ ಯಂತ್ರದಲ್ಲಿ ಆಡಬೇಕೆಂದು ತರಿಸಿದವನು ಆಡುವುದಕ್ಕೆ ಮೊದಲೇ ಅದರ ಅಸಲಿತನಕ್ಕೆ ಬೆಸುಗೆ ಹಾಕಿದ್ದೆ.

ಅದನ್ನು 55 ಇಂಚಿನ ಹೊಸ ಟಿವಿಗೆ ಜೋಡಿಸಿದೆ. ಮಾರಿಯೋ ಬಂದ. ಮೀಸೆ ಕರಗಿದ, ಬಣ್ಣ ಅಂಚು ದಾಟಿ ಹರಿದ, ಗುಂಡಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಹಾರುವ ಮಾರಿಯೋ. ನಮ್ಮಜ್ಜಿಯ ಟಿವಿಯಲ್ಲಿ ಅವನು ಇದಕ್ಕಿಂತ ಚೆನ್ನಾಗಿದ್ದ. ಆ ಬೆಸುಗೆ ಬಿಟ್ಟರೆ ಯಂತ್ರ ನೂರಕ್ಕೆ ನೂರು ಅಸಲಿ, ಚಿತ್ರ ಮಾತ್ರ ಯಾರದೋ. ಪೆಟ್ಟಿಗೆಯಲ್ಲಿ ಇರಲಾರದ್ದನ್ನು ನಾನು ಪೆಟ್ಟಿಗೆಯಲ್ಲಿ ಹುಡುಕುತ್ತಿದ್ದೇನೆ ಎಂಬ ಅನುಮಾನ ಮೊದಲು ಬಂದದ್ದು ಆ ಸಂಜೆ.

ಇಲ್ಲಿಂದ ಸ್ವಲ್ಪ ತಾಂತ್ರಿಕ. ಹತ್ತು ನಿಮಿಷ ಸಹಿಸಿಕೊಳ್ಳಿ.

ಆಕಾಶದ ಬಣ್ಣದಿಂದ ಶುರು ಮಾಡೋಣ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ದೃಶ್ಯದಲ್ಲಿ ಆಕಾಶ ಯಾವ ಬಣ್ಣ? ನೀಲಿ ಅನ್ನುತ್ತೀರಿ. ನೇರಳೆ ಛಾಯೆಯ ನೀಲಿ ಅನ್ನುವವರೂ ಅಷ್ಟೇ ಜನ ಇದ್ದಾರೆ. ಈ ವಾದಕ್ಕೆ ತೀರ್ಪಿಲ್ಲ. ಕಾರಣ ಸ್ವಾರಸ್ಯಕರವಾಗಿದೆ. ಇವತ್ತಿನ ಕಂಪ್ಯೂಟರಿನಲ್ಲಿ ಒಂದು ಬಣ್ಣವೆಂದರೆ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂಬ ಮೂರು ಅಂಕಿ. ಫ್ಯಾಮಿಕಾಮಿನ ಚಿತ್ರ ಚಿಪ್ಪಿನೊಳಗೆ ಆ ಅಂಕಿಗಳೇ ಇಲ್ಲ. ಅದು ನೇರವಾಗಿ ಟಿವಿಗೆ ಹೋಗುವ ಅಲೆಯನ್ನೇ ಹುಟ್ಟಿಸುತ್ತದೆ. ಅಲೆ ಎಷ್ಟು ಎತ್ತರ, ಎಷ್ಟು ಮುಂದೆ ಅಥವಾ ಹಿಂದೆ ಸರಿದಿದೆ ಎಂಬುದೇ ಬಣ್ಣ. ಆ ಅಲೆಯನ್ನು ಬಿಡಿಸಿ ನೀಲಿಯೋ ನೇರಳೆಯೋ ಎಂದು ತೀರ್ಮಾನಿಸುವುದು ಟಿವಿ. ಒಂದು ಟಿವಿಯ ತೀರ್ಮಾನ ಇನ್ನೊಂದರದ್ದಲ್ಲ. ‘ಟಿಂಟ್’ ಗುಂಡಿ ತಿರುಗಿಸಿದರೆ ಅದೂ ಬದಲು. ಆ ಆಕಾಶಕ್ಕೆ ಬಣ್ಣ ಬರುತ್ತಿದ್ದದ್ದು ಅವರವರ ಮನೆಯಲ್ಲಿ. ಇವತ್ತಿನ ಎಮ್ಯುಲೇಟರುಗಳಲ್ಲಿ, ಅಂದರೆ ಹಳೆಯ ಯಂತ್ರವನ್ನು ಅಭಿನಯಿಸುವ ತಂತ್ರಾಂಶಗಳಲ್ಲಿ, ಹತ್ತಾರು ಬಣ್ಣದ ಪಟ್ಟಿಗಳನ್ನು ಕೊಟ್ಟು ‘ನಿನಗೆ ಬೇಕಾದ್ದು ಆರಿಸಿಕೋ’ ಎಂದು ಬಿಟ್ಟಿರುತ್ತಾರೆ. ಪ್ರಾಮಾಣಿಕರು.

ಇದಕ್ಕಿಂತ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಒಂದು ಜಲಪಾತ. ಸೆಗಾ ಕಂಪನಿಯ ‘ಮೆಗಾ ಡ್ರೈವ್’ ಯಂತ್ರ ಜಪಾನಿನಲ್ಲಿ ಬಂದದ್ದು 1988ರಲ್ಲಿ. ಅದಕ್ಕಾಗಿ 1991ರಲ್ಲಿ ‘ಸೋನಿಕ್ ದಿ ಹೆಜ್‌ಹಾಗ್’ ಬಂತು. ಮೊದಲ ವಲಯದಲ್ಲೇ ಜಲಪಾತಗಳಿವೆ. ನೀರಿನ ಹಿಂದೆ ಬಂಡೆ ಮಸುಕಾಗಿ ಕಾಣುತ್ತದೆ, ಸೋನಿಕ್ ಹಾದುಹೋದರೆ ನೀರಿನೊಳಗಿಂದ ಕಾಣುತ್ತಾನೆ. ಆದರೆ ಪಾರದರ್ಶಕತೆ ಎಂಬ ಸೌಲಭ್ಯವೇ ಮೆಗಾ ಡ್ರೈವಿನ ಚಿಪ್ಪಿಗಿಲ್ಲ! ಕಲಾವಿದರು ಮಾಡಿದ್ದಿಷ್ಟು: ನೀರನ್ನು ಒಂದು ಚುಕ್ಕಿ ಅಗಲದ ನಿಂತ ಗೆರೆಗಳಾಗಿ ಬರೆದರು. ಒಂದು ಗೆರೆ ನೀರು, ಪಕ್ಕದ್ದು ಖಾಲಿ, ಮತ್ತೆ ನೀರು, ಮತ್ತೆ ಖಾಲಿ. ಹಳದಿ ಪಿನ್ನಿನ ಒಂಟಿ ವೈರಿನಲ್ಲಿ ಬೆಳಕೂ ಬಣ್ಣವೂ ಒಟ್ಟಿಗೆ ಹೋಗಬೇಕು. ಅಷ್ಟು ಸಣ್ಣ ಗೆರೆಗಳನ್ನು ಬಿಡಿಬಿಡಿಯಾಗಿ ಒಯ್ಯುವ ತ್ರಾಣ ಅದಕ್ಕಿಲ್ಲ. ಪಕ್ಕಪಕ್ಕದ ಗೆರೆಗಳು ಒಂದರೊಳಗೊಂದು ಕದಡಿ ಟಿವಿಯಲ್ಲಿ ನೀರಾಗುತ್ತಿದ್ದವು. ಕಾಮನಬಿಲ್ಲಿನಂಥ ಬೇಡದ ಛಾಯೆಯೊಂದು ಮೇಲೆ ಆಡುತ್ತಿತ್ತು ನಿಜ. ಜಲಪಾತಕ್ಕೆ ಅದೂ ಒಪ್ಪುತ್ತಿತ್ತು.

ಈಗ ಅದೇ ಅಸಲಿ ಯಂತ್ರವನ್ನು ತೆಗೆದುಕೊಂಡು, ಕೆಂಪು ಹಸಿರು ನೀಲಿಯನ್ನು ಬೇರೆ ಬೇರೆ ತಂತಿಯಲ್ಲಿ ಒಯ್ಯುವ ಉತ್ತಮ ಕೇಬಲ್ ಹಾಕಿ. ಯುರೋಪಿನ ಟಿವಿಗಳಲ್ಲಿ 21 ಪಿನ್ನಿನ ‘ಸ್ಕಾರ್ಟ್’ ಎಂಬ ಸಾಕೆಟ್ಟಿನಲ್ಲಿ ಇದಕ್ಕೆ ಅವಕಾಶವಿತ್ತು. ಚಿತ್ರ ಫಳಫಳ. ಜಲಪಾತ ಹೋಯಿತು, ಜೈಲಿನ ಸರಳುಗಳು ಬಂದವು. ಚಿತ್ರದ ಗುಣಮಟ್ಟ ಏರಿದಷ್ಟೂ ಚಿತ್ರ ಕೆಟ್ಟಿತು.

ಇದನ್ನು ನನಗೆ ಕರಾವಳಿಯ ಗೆಳೆಯರೊಬ್ಬರು ಒಂದೇ ಮಾತಿನಲ್ಲಿ ಅರ್ಥ ಮಾಡಿಸಿದರು. ಯಕ್ಷಗಾನದ ಬಣ್ಣಗಾರಿಕೆ ದೀವಟಿಗೆಯ ಬೆಳಕಿಗೆ ಹುಟ್ಟಿದ್ದು. ಬಣ್ಣದ ವೇಷದ ಮುಖದ ಮೇಲಿನ ಅಕ್ಕಿಹಿಟ್ಟಿನ ಚುಟ್ಟಿ, ಆ ಕೆಂಪು, ಆ ಕಪ್ಪು, ಎಲ್ಲ ಅಲುಗುವ ಬೆಂಕಿಯಲ್ಲಿ, ಹತ್ತು ಮಾರು ದೂರದಿಂದ ನೋಡುವವನಿಗೆ ರಾಕ್ಷಸನಾಗಬೇಕು. ಫ್ಲಡ್‌ಲೈಟು ಹಾಕಿ ಹತ್ತಿರದಿಂದ ಕ್ಯಾಮೆರಾ ಹಿಡಿದರೆ ಹಿಟ್ಟು ಹಿಟ್ಟಾಗಿಯೇ ಕಾಣುತ್ತದೆ. ತಪ್ಪು ವೇಷಧಾರಿಯದಲ್ಲ.

ಆಟದ ಕಲಾವಿದರೂ ಹೀಗೇ. 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’ ಆಟದಲ್ಲಿ ಡ್ರಾಕುಲಾನ ಮುಖಚಿತ್ರವಿದೆ. ಹೊಸ ಪರದೆಯಲ್ಲಿ ನೋಡಿದರೆ ಕಣ್ಣಿನ ಜಾಗದಲ್ಲಿ ಒಂದು ಕೆಂಪು ಚೌಕ, ಯಾರೋ ಬಿಂದಿ ಅಂಟಿಸಿದ ಹಾಗೆ. ಹಳೆಯ ಟಿವಿಯಲ್ಲಿ ಆ ಚೌಕದ ಕೆಂಪು ಸುತ್ತಲಿನ ಕಪ್ಪಿಗೆ ಸೋರಿ, ಕೆಂಡದಂಥ ಕಣ್ಣಾಗಿ ಉರಿಯುತ್ತದೆ. ಚೌಕ ಇಟ್ಟವನಿಗೆ ಅದು ಸೋರುತ್ತದೆ ಎಂದು ಗೊತ್ತಿತ್ತು. ನಮ್ಮ ಕಾಲದ ಎಷ್ಟೋ ಹೊಸ ಆಟಗಳು ‘ಹಳೆಯ ಶೈಲಿ’ ಎಂದು ಮೊನಚು ಚೌಕಗಳನ್ನು ಮೆರೆಸುತ್ತವೆ. ಅಂಥ ಮೊನಚು ಚೌಕ ಆ ಕಾಲದ ಮನೆಯ ಟಿವಿಗಳಲ್ಲಿ ಹೆಚ್ಚಿನವರು ನೋಡಿದ್ದಲ್ಲ. ಅದು ಆಮೇಲೆ ಹುಟ್ಟಿದ ಹಳಮೆ.

ಹೊಸ ಟಿವಿಗಳಿಗೆ ಇನ್ನೊಂದು ಪೇಚು. ಹಳೆಯ ಪ್ರಸಾರದಲ್ಲಿ ಬೆಸ ಗೆರೆ ಒಮ್ಮೆ, ಸರಿ ಗೆರೆ ಒಮ್ಮೆ ಬರೆದು ಎರಡನ್ನೂ ಹೆಣೆಯುತ್ತಿದ್ದರು. ಆಟದ ಯಂತ್ರಗಳು ಈ ಹೆಣಿಗೆಯನ್ನು ಬಿಟ್ಟು, ಸುಮಾರು 240 ಗೆರೆಗಳನ್ನೇ ಸೆಕೆಂಡಿಗೆ 60 ಸಲ ಅದೇ ಜಾಗದಲ್ಲಿ ಬರೆಯುವ ಉಪಾಯ ಕಂಡುಕೊಂಡಿದ್ದವು. ಗೆರೆಗಳ ನಡುವೆ ಕಾಣುವ ಕಪ್ಪು ಸಂದು ಅದರಿಂದಲೇ. ಎಷ್ಟೋ ಹೊಸ ಟಿವಿಗಳಿಗೆ ಈ ಉಪಾಯ ಗೊತ್ತಿಲ್ಲ. ಇದೂ ಹೆಣಿಗೆಯೇ ಎಂದು ತಿಳಿದು ಬಿಡಿಸಲು ಹೋಗುತ್ತವೆ. ಪೆಟ್ಟು ತಿಂದ ಪಾತ್ರ ಮಿಣಮಿಣ ಅನ್ನುವುದನ್ನು ನೋಡಿದ್ದೀರಲ್ಲ, ಅದು ಒಂದು ಬಿಟ್ಟು ಒಂದು ಚಿತ್ರದಲ್ಲಿ ಬರೆಯುವುದು. ಹೊಸ ಟಿವಿಯ ಕೈಗೆ ಸಿಕ್ಕರೆ ಆ ಪಾತ್ರ ಬಾಚಣಿಗೆಯ ಹಲ್ಲಾಗುತ್ತದೆ, ಇಲ್ಲವೇ ಮಾಯವೇ ಆಗುತ್ತದೆ.

ಬಂದೂಕಿನ ಮಾತು ಕೇಳಲೇಬೇಡಿ. ‘ಡಕ್ ಹಂಟ್’ನಲ್ಲಿ ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದರೆ ಪರದೆ ಒಂದು ಕ್ಷಣ ಕಪ್ಪಾಗಿ, ಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ತುದಿಯಲ್ಲಿರುವುದು ಬೆಳಕಿನ ಕಣ್ಣು. ಅದಕ್ಕೆ ಆ ಕ್ಷಣದಲ್ಲಿ, ಟ್ಯೂಬಿನ ಕಿರಣ ಗೆರೆ ಎಳೆಯುವ ಲಯದಲ್ಲಿ ಮಿನುಗುವ ಬೆಳಕು ಕಂಡರೆ ಮಾತ್ರ ಕೋಳಿ ಬೀಳುತ್ತದೆ. ಚಪ್ಪಟೆ ಟಿವಿಯಲ್ಲಿ ಆ ಲಯವೂ ಇಲ್ಲ, ಚೌಕ ಬರುವುದೂ ತಡ. ಯಂತ್ರ, ಕ್ಯಾಸೆಟ್ಟು, ಬಂದೂಕು ಮೂರೂ ಅಸಲಿಯಾಗಿದ್ದರೂ ಕೋಳಿ ಹಾರಿಹೋಗುತ್ತದೆ.

ತಡ ಅಂದೆ. ಯಂತ್ರ, ಚಿತ್ರ ಎರಡಕ್ಕಿಂತ ಮೇಲೆ ನಾನು ಇಡುವುದು ಈ ತಡವನ್ನು. ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಹಳೆಯ ಟ್ಯೂಬ್ ಟಿವಿ ಸಿಗ್ನಲ್ ಬಂದ ಹಾಗೇ ಬರೆಯುತ್ತ ಹೋಗುತ್ತಿತ್ತು, ಕೂಡಿಟ್ಟುಕೊಳ್ಳುವ ಜಾಗವೇ ಅದಕ್ಕಿರಲಿಲ್ಲ. ಹೊಸ ಟಿವಿ ಚಿತ್ರವನ್ನು ಇಡಿಯಾಗಿ ಹಿಡಿದು, ತಿದ್ದಿ ತೀಡಿ, ಹಿಗ್ಗಿಸಿ ಆಮೇಲೆ ತೋರಿಸುತ್ತದೆ. ಮೂರು ನಾಲ್ಕು ಚಿತ್ರದಷ್ಟು ತಡವಾದರೂ ಕಣ್ಣಿಗೆ ತಿಳಿಯುವುದಿಲ್ಲ, ಹೆಬ್ಬೆರಳಿಗೆ ತಿಳಿಯುತ್ತದೆ. ‘ಪಂಚ್-ಔಟ್’ ಎಂಬ ಕುಸ್ತಿಯಂಥ ಬಾಕ್ಸಿಂಗ್ ಆಟವನ್ನು ಬಾಲ್ಯದಲ್ಲಿ ಗೆದ್ದವರು ಈಗ ಸೋತು ‘ವಯಸ್ಸಾಯಿತು’ ಅಂದುಕೊಳ್ಳುತ್ತಾರೆ. ವಯಸ್ಸಾದದ್ದು ಹೌದು, ಆದರೆ ಅರ್ಧ ತಪ್ಪು ಟಿವಿಯದು. ಟಿವಿಯಲ್ಲಿ ‘ಗೇಮ್ ಮೋಡ್’ ಎಂಬುದನ್ನು ಹಾಕಿ, ಖರ್ಚಿಲ್ಲದ ಔಷಧಿ.

ಇನ್ನು ಪೆಟ್ಟಿಗೆಯ ವಿಚಾರ. ಯಂತ್ರವಾದಿಗಳ ಹಟದ ಹಿಂದೆ ಒಂದು ಒಳ್ಳೆಯ ಕಾರಣ ಇತ್ತು. 1990ರ ದಶಕದ ಎಮ್ಯುಲೇಟರುಗಳು ಅಂದಾಜಿನವು. ಹೆಸರಾದ ಹತ್ತು ಆಟ ಓಡಿದರೆ ಸಾಕು ಎಂಬಂತೆ ಅಡ್ಡದಾರಿ ಹಿಡಿಯುತ್ತಿದ್ದವು. ಆ ಸ್ಥಿತಿಯನ್ನು ಬದಲಿಸಿದವರಲ್ಲಿ ‘ಬ್ಯೂ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರು ಮುಖ್ಯರು. 2004ರಲ್ಲಿ ಅವರು ಫ್ಯಾಮಿಕಾಮಿನ ನಂತರ ಬಂದ ಸೂಪರ್ ಫ್ಯಾಮಿಕಾಮಿಗೆ ‘ಬಿಎಸ್‌ಎನ್‌ಇಎಸ್’ ಎಂಬ ಎಮ್ಯುಲೇಟರು ಶುರು ಮಾಡಿದರು. ಹಟ ಒಂದೇ: ಒಂದು ಆಟವೂ ತಪ್ಪಬಾರದು, ಯಾವ ಆಟಕ್ಕೂ ವಿಶೇಷ ರಿಯಾಯಿತಿ ಇರಬಾರದು. 1990ರ ಆ ಪುಟ್ಟ ಯಂತ್ರವನ್ನು ಕರಾರುವಾಕ್ಕಾಗಿ ಅಭಿನಯಿಸಲು 3 ಗಿಗಾಹರ್ಟ್ಸ್ ಕಂಪ್ಯೂಟರು ಬೇಕು ಎಂದು 2011ರಲ್ಲಿ ಲೇಖನವನ್ನೇ ಬರೆದರು. ಕ್ಯಾಸೆಟ್ಟುಗಳ ಪಾಠವೂ ಶುದ್ಧವಾಗಿರಬೇಕೆಂದು ಮೂಲ ಕ್ಯಾಸೆಟ್ಟುಗಳನ್ನೇ ಕಂತೆಗಟ್ಟಲೆ ಸಂಪಾದಿಸಿ ಒಂದೊಂದಾಗಿ ಓದಿಸಿಕೊಂಡರು.

ಇದನ್ನು ಓದುವಾಗ ನನಗೆ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ನೆನಪಾಯಿತು. ಈ ಸಭೆಯಲ್ಲಿ ಅದನ್ನು ಪಾಠ ಮಾಡಿದವರೇ ಇದ್ದೀರಿ. ಓಲೆಗರಿಯ ಪ್ರತಿ ಪೂಜ್ಯ. ಆದರೆ ಹುಳು ತಿಂದ ಗರಿಯನ್ನು ದಿನಾ ಬಿಚ್ಚಿ ಓದಿದರೆ ಗರಿಯೂ ಉಳಿಯದು, ಪಾಠವೂ ಉಳಿಯದು. ಪ್ರತಿಗಳನ್ನು ಹೋಲಿಸಿ, ಸ್ಖಾಲಿತ್ಯ ಗುರುತಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು ಅಚ್ಚು ಹಾಕಿದ ಮೇಲೆ ಪಂಪನನ್ನು ಓದಲು ಯಾರೂ ಓಲೆಗರಿ ಬೇಕೇ ಬೇಕು ಅನ್ನಲಿಲ್ಲ. ಒಳ್ಳೆಯ ಎಮ್ಯುಲೇಟರು ಅಂಥ ಸಂಪಾದಿತ ಆವೃತ್ತಿ. ಕೆಟ್ಟ ಎಮ್ಯುಲೇಟರು ಸಂತೆಯಲ್ಲಿ ಸಿಗುವ ತಪ್ಪು ಮುದ್ರಣ.

ಸಂಪಾದಕನಿಗೆ ಬರುವ ಪೀಕಲಾಟವೂ ಇಲ್ಲಿದೆ. ಫ್ಯಾಮಿಕಾಮಿನ ಚಿಪ್ಪು ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಗೊಂಬೆಗಳನ್ನು ಬರೆಯಲಾರದು. ಒಂಬತ್ತನೆಯದು ಮಾಯ. ಹಾಗಾಗಿ ಗಲಾಟೆಯ ದೃಶ್ಯಗಳಲ್ಲಿ ಎಲ್ಲವೂ ಮಿಣುಕುತ್ತವೆ. ಈ ಮಿತಿಯನ್ನು ತೆಗೆದುಹಾಕುವ ಆಯ್ಕೆ ಎಮ್ಯುಲೇಟರುಗಳಲ್ಲಿದೆ. ಮಿಣುಕು ನಿಲ್ಲುತ್ತದೆ, ಚಿತ್ರ ಸ್ಥಿರವಾಗುತ್ತದೆ. ಆದರೆ ಪಾತ್ರದ ಅರ್ಧ ಮೈಯನ್ನು ಮರೆಮಾಡಬೇಕಾದ ಕಡೆ ಈ ಮಿತಿಯನ್ನೇ ಪರದೆಯಾಗಿ ಬಳಸಿದ ಆಟಗಳೂ ಇವೆ. ದೋಷ ತಿದ್ದಿದ ಕೂಡಲೇ ಅಲ್ಲಿ ಅಡಗಿದ್ದ ಕಾಲುಗಳು ಹೊರಬರುತ್ತವೆ.

ಇತ್ತ ಅಸಲಿ ಯಂತ್ರಗಳು ಸಾಯುತ್ತಿವೆ. ಸೆಗಾದ ‘ಗೇಮ್ ಗೇರ್’ ಕೈಯಾಟದ ಯಂತ್ರದ ಕೆಪಾಸಿಟರುಗಳು ಸೋರಿ ಬೋರ್ಡನ್ನು ತಿನ್ನುತ್ತವೆ. 2001ರ ಮೊದಲ ‘ಎಕ್ಸ್‌ಬಾಕ್ಸ್’ನಲ್ಲಿ ಗಡಿಯಾರಕ್ಕೆಂದು ಇಟ್ಟ ಒಂದು ಕೆಪಾಸಿಟರಿನದೂ ಅದೇ ಕತೆ. ಡಿಸ್ಕಿನ ಯಂತ್ರಗಳಲ್ಲಿ ಲೇಸರು ಮಂಕಾಗುತ್ತದೆ. ಆಟದ ಪ್ರಗತಿ ಉಳಿಸಿಕೊಳ್ಳುತ್ತಿದ್ದ ಕ್ಯಾಸೆಟ್ಟಿನ ಬ್ಯಾಟರಿ ಮುಗಿದರೆ ಹತ್ತು ವರ್ಷದ ಹಿಂದೆ ಗೆದ್ದ ರಾಜ್ಯ ಹೋಯಿತು. ಇದೆಲ್ಲ ರಿಪೇರಿ ಬಲ್ಲವನಿಗೆ ಸಂತೋಷ, ಉಳಿದವರಿಗೆ ಖರ್ಚು. ವಿಚಿತ್ರವೆಂದರೆ, 2015ರಲ್ಲಿ ಅನಲಾಗ್ ಎಂಬ ಅಮೆರಿಕದ ಕಂಪನಿ ‘ಎನ್‌ಟಿ’ ಎಂಬ ದುಬಾರಿ ಪೆಟ್ಟಿಗೆ ತಂದಾಗ ಅದರೊಳಗಿದ್ದದ್ದು ಹಳೆಯ ಫ್ಯಾಮಿಕಾಮುಗಳಿಂದ ಕಿತ್ತ ಅಸಲಿ ಚಿಪ್ಪುಗಳು. ಅಸಲಿತನದ ಹೆಸರಿನಲ್ಲಿ ಅಸಲಿಗಳನ್ನು ಒಡೆಯುವುದು! ಪಾಳುಗುಡಿಯ ಕಂಬ ಕಿತ್ತು ಬಂಗಲೆಯ ಜಗಲಿಗೆ ನಿಲ್ಲಿಸಿದಂತೆ ಅನ್ನಿಸಿತು ನನಗೆ. ಅದರ ಮುಂದಿನ ಮಾದರಿಯಲ್ಲಿ ಆ ಪದ್ಧತಿಯನ್ನು ಅವರೇ ಬಿಟ್ಟರು, ‘ಎಫ್‌ಪಿಜಿಎ’ಗೆ ಹೋದರು.

ಎಫ್‌ಪಿಜಿಎ ಅಂದರೆ ಹೇಳಿದ ಹಾಗೆ ಒಳಗಿನ ತಂತಿಗಳನ್ನು ಜೋಡಿಸಿಕೊಳ್ಳುವ ಚಿಪ್ಪು. ಇವತ್ತು ಫ್ಯಾಮಿಕಾಮಿನ ಸರ್ಕೀಟಾಗು ಅಂದರೆ ಆಗುತ್ತದೆ, ನಾಳೆ ಮೆಗಾ ಡ್ರೈವ್ ಆಗು ಅಂದರೆ ಅದೂ. 2017ರಲ್ಲಿ ಅಲೆಕ್ಸೀ ಮೆಲ್ನಿಕೋವ್ ಎಂಬುವರು ಶುರು ಮಾಡಿದ ‘ಮಿಸ್ಟರ್’ ಯೋಜನೆ ಎಂಜಿನಿಯರಿಂಗ್ ಕಲಿಯುವವರಿಗೆಂದು ಮಾಡಿದ ‘ಡಿಇ10-ನ್ಯಾನೊ’ ಬೋರ್ಡಿನ ಮೇಲೆ ಇಂಥ ಹತ್ತಾರು ಯಂತ್ರಗಳನ್ನು ಕಟ್ಟಿದೆ. ಎಲ್ಲವೂ ಮುಕ್ತ, ಯಾರು ಬೇಕಾದರೂ ಓದಿ ತಿದ್ದಬಹುದು. ನನ್ನ ಮಟ್ಟಿಗೆ ಪೆಟ್ಟಿಗೆಯ ಪ್ರಶ್ನೆ ಇಲ್ಲಿಗೆ ಬಹುಪಾಲು ಮುಗಿಯಿತು. ಚಿಪ್ಪಿನೊಳಗಿದ್ದದ್ದು ತರ್ಕ, ತರ್ಕವನ್ನು ನಕಲು ಮಾಡಬಹುದು. ಈ ಆಟಗಳ ಪ್ರತಿ ಎಲ್ಲಿಂದ ತರುವುದು, ಕಾನೂನು ಏನನ್ನುತ್ತದೆ ಎಂದು ನ್ಯಾಯವಾದಿಗಳು ಕೇಳುವ ಮೊದಲು ಒಂದು ಅಂಕಿ ಹೇಳಿಬಿಡುತ್ತೇನೆ: ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ನಕಲು ಮಾಡಲಾಗದ್ದು ಗಾಜು. ಇದನ್ನು ಹೇಳಲೆಂದೇ ನಾನು ಇಷ್ಟು ದೂರ ಬಂದದ್ದು. ಮನೆಯಲ್ಲಿ ಒಂದೇ ಒಂದು ಹಳೆಯ ವಸ್ತುವಿಗೆ ಜಾಗವಿದ್ದರೆ, ಗೇಮಿನ ಪೆಟ್ಟಿಗೆ ಕೊಟ್ಟುಬಿಡಿ, ಟಿವಿ ಇಟ್ಟುಕೊಳ್ಳಿ. ಹೊಸ ಎಫ್‌ಪಿಜಿಎ ಬೋರ್ಡಿನಿಂದ ಹಳದಿ ಪಿನ್ನಿನ ವೈರೆಳೆದು ಹಳೆಯ 21 ಇಂಚಿನ ಡಬ್ಬಾ ಟಿವಿಗೆ ಕೊಟ್ಟರೆ ಜಲಪಾತ ಹರಿಯುತ್ತದೆ, ಡ್ರಾಕುಲಾನ ಕಣ್ಣು ಉರಿಯುತ್ತದೆ, ತಡವಿಲ್ಲ, ಮೀಸೆಯೂ ಮೀಸೆಯಾಗಿರುತ್ತದೆ. ಅಸಲಿ ಯಂತ್ರ ಹೊಸ ಟಿವಿಗೆ ಸೇರಿದ ಜೋಡಿ ಇದರ ಮುಂದೆ ನಿಲ್ಲುವುದಿಲ್ಲ. ಚಿತ್ರದ ಅರ್ಧ ಕೆಲಸ ಪೆಟ್ಟಿಗೆಯಲ್ಲಿ ಆಗುತ್ತಿತ್ತು. ಉಳಿದರ್ಧ, ಅದರಲ್ಲೂ ಕೊನೆಯ ಕೈ, ಗಾಜಿನಲ್ಲಿ.

ಚಿತ್ರವಾದಿಗಳು ಇದಕ್ಕೊಂದು ಉತ್ತರ ಕಟ್ಟಿದ್ದಾರೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 240 ಗೆರೆಯನ್ನು 1080 ಗೆರೆಯ ಟಿವಿಗೆ ಹಿಗ್ಗಿಸಿದರೆ ಒಂದಕ್ಕೆ ನಾಲ್ಕೂವರೆ ಬಂದು ಚಿತ್ರ ಅಂಕುಡೊಂಕಾಗುತ್ತದೆ. 4ಕೆ ಟಿವಿಯ ಗೆರೆಗಳು 2160, ಸರಿಯಾಗಿ ಒಂಬತ್ತು ಪಟ್ಟು. ಒಂಬತ್ತು ಗೆರೆ ಸಿಕ್ಕಾಗ ನಡುವಿನದನ್ನು ಬೆಳಗಿಸಿ ಅಂಚಿನವನ್ನು ಮಬ್ಬು ಮಾಡಿ, ಟ್ಯೂಬಿನ ಒಳಗಿದ್ದ ಬಣ್ಣದ ಜಾಲರಿಯನ್ನು ಕೂಡ ಚುಕ್ಕಿ ಚುಕ್ಕಿಯಾಗಿ ಬರೆಯಬಹುದು. 2023ರಲ್ಲಿ ಬಂದ ‘ರೆಟ್ರೋಟಿಂಕ್ 4ಕೆ’ ಎಂಬ ಸಣ್ಣ ಪೆಟ್ಟಿಗೆ ಇದನ್ನೇ ಮಾಡುತ್ತದೆ. ಬಂದಾಗ ಬೆಲೆ 750 ಡಾಲರು, ನಾನು ಗೆಳೆಯರ ಮನೆಯಲ್ಲಿ ನೋಡಿದ್ದು. ನಿಂತ ಚಿತ್ರದಲ್ಲಿ ಮೋಸ ಹೋದೆ ಅಂತಲೇ ಹೇಳಬೇಕು. ಚಿತ್ರ ಓಡತೊಡಗಿದಾಗ ವ್ಯತ್ಯಾಸ ಕಂಡಿತು. ಟ್ಯೂಬಿನಲ್ಲಿ ಪ್ರತಿ ಗೆರೆ ಮಿಂಚಿ ಆರುತ್ತದೆ, ಮುಂದಿನ ಸಲದವರೆಗೆ ಅಲ್ಲಿ ಹೆಚ್ಚುಕಡಿಮೆ ಕತ್ತಲೆ. ಚಪ್ಪಟೆ ಪರದೆ ಚಿತ್ರವನ್ನು ಪೂರ್ತಿ 16.7 ಮಿಲಿಸೆಕೆಂಡು ಹಿಡಿದು ನಿಲ್ಲಿಸುವುದರಿಂದ ಓಡುವ ಸೋನಿಕ್ ಉಜ್ಜಿದ ಹಾಗೆ ಕಾಣುತ್ತಾನೆ. ನಡುನಡುವೆ ಕಪ್ಪು ಚಿತ್ರ ತೂರಿಸುವ ಉಪಾಯವಿದೆ, ಆಗ ಬೆಳಕು ಇಳಿಯುತ್ತದೆ. ಇನ್ನು ಹತ್ತು ವರ್ಷಕ್ಕೆ ಈ ಅಂತರವೂ ಮುಚ್ಚೀತು. ಮುಚ್ಚಬೇಕಾದರೆ ಹೋಲಿಸಲು ಅಸಲಿ ಗಾಜು ಎಲ್ಲಾದರೂ ಉರಿಯುತ್ತಿರಬೇಕಲ್ಲ.

ನಿಂಟೆಂಡೊ ಕಂಪನಿಗೇ ಈ ಪ್ರಶ್ನೆ ಬಗೆಹರಿದಿಲ್ಲ. 2016ರಲ್ಲಿ ಅವರು ತಂದ, ಫ್ಯಾಮಿಕಾಮಿನ ಪಶ್ಚಿಮದ ಹೆಸರು ಹೊತ್ತ ಪುಟ್ಟ ಪೆಟ್ಟಿಗೆ ‘ಎನ್‌ಇಎಸ್ ಕ್ಲಾಸಿಕ್’ನ ಒಳಗಿರುವುದು ಎಮ್ಯುಲೇಟರು. ಅದರ ಮೆನುವಿನಲ್ಲಿ ಮೂರು ಚಿತ್ರಗಳ ಆಯ್ಕೆ: ಚುಕ್ಕಿಗಳನ್ನು ಸಮಚೌಕವಾಗಿ ತೋರಿಸುವುದು (ಅದರಲ್ಲಿ ಮಾರಿಯೋ ತುಸು ತೆಳ್ಳಗೆ), ಹಳೆಯ ಟಿವಿಯ 4:3 ಅಗಲಕ್ಕೆ ಹಿಗ್ಗಿಸುವುದು, ಮತ್ತು ಟ್ಯೂಬ್ ಟಿವಿಯ ಗೆರೆಗಳನ್ನು ಹಚ್ಚುವುದು. ಮಾಡಿದ ಕಂಪನಿಯೇ ಮೂರು ಪಾಠಾಂತರ ಕೊಟ್ಟು ಕೈ ತೊಳೆದುಕೊಂಡಿದೆ.

ಹಳೆಯ ಟಿವಿ ಇಟ್ಟುಕೊಳ್ಳಿ ಎಂದು ಹೇಳುವುದು ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಹಡಿಯ ಮೇಲೆ ನನ್ನ ಟಿವಿ ನೋಡಿಕೊಳ್ಳುವ ಮೆಕ್ಯಾನಿಕ್ಕರಿದ್ದಾರೆ, ಅರವತ್ತು ದಾಟಿದವರು. ‘ಇದರ ಕೆಲಸ ಕಲಿಯೋಕೆ ಯಾವ ಹುಡುಗನೂ ಬರಲ್ಲ ಸಾರ್, ಬಂದರೂ ನಾನು ಕಲಿಸಲ್ಲ’ ಅನ್ನುತ್ತಾರೆ. ಪಿಕ್ಚರ್ ಟ್ಯೂಬಿಗೆ ಹೋಗುವ ಕರೆಂಟು 20,000 ವೋಲ್ಟು ಮೀರಿದ್ದು, ಪ್ಲಗ್ಗು ಕಿತ್ತ ಮೇಲೂ ಒಳಗೆ ಕೂತಿರುತ್ತದೆ. ಗಾಜಿನಲ್ಲಿ ಸೀಸವಿದೆ, ಹಾಗಾಗಿ ಗುಜರಿಯವನೂ ಮೂಗು ಮುರಿಯುತ್ತಾನೆ. ಇಬ್ಬರು ಸೇರಿ ಎತ್ತಬೇಕು. ನಮ್ಮ ಮನೆಯವರು ಇದನ್ನು ಪ್ರತಿ ದೀಪಾವಳಿಗೆ ನೆನಪಿಸುತ್ತಾರೆ.

ಕೊನೆಗೆ, ನನ್ನದೇ ತಗಾದೆಯೊಂದಿದೆ. ಇಷ್ಟೆಲ್ಲ ಹೊಂದಿಸಿಕೊಂಡು, ಜಪಾನಿನ ಪಾಠ, ಜಪಾನಿನ ವೇಗ, ಒಳ್ಳೆಯ ಗಾಜು ಎಲ್ಲ ಸೇರಿಸಿ ಮಾರಿಯೋ ಆಡಿದರೂ ಏನೋ ಹೊಂದುತ್ತಿರಲಿಲ್ಲ. ಸಂಗೀತ ಅವಸರ ಮಾಡುತ್ತಿತ್ತು. ಮಾರಿಯೋ ನನಗಿಂತ ಮುಂದೆ ಓಡುತ್ತಿದ್ದ. ವಯಸ್ಸು ಅಂದುಕೊಂಡೆ. ಆಮೇಲೆ ಹೊಳೆಯಿತು: ಜಪಾನಿನಲ್ಲಿ ಸೆಕೆಂಡಿಗೆ 60 ಚಿತ್ರ, ನಮ್ಮ ಪಾಲ್ ಪದ್ಧತಿಯಲ್ಲಿ 50. ಪಾಲ್ ದೇಶಗಳಿಗೆಂದು ಮಾಡಿದ ನಕಲಿ ಪೆಟ್ಟಿಗೆಗಳು 50ರಲ್ಲೇ ಓಡುತ್ತಿದ್ದವು. ಅಂದರೆ ಆರನೆಯ ಒಂದು ಪಾಲು ನಿಧಾನ. ಅಷ್ಟೇ ಅಲ್ಲ, ಅನೇಕ ನಕಲಿ ಚಿಪ್ಪುಗಳಲ್ಲಿ ಸ್ವರದ ಅಲೆಯ ಎರಡು ಆಕಾರಗಳನ್ನು ಅದಲುಬದಲಾಗಿ ಜೋಡಿಸಿದ್ದರು. ರಾಗ ಅದೇ, ಕಂಠ ಬೇರೆ. ನನ್ನ ಕಿವಿಯಲ್ಲಿ ಮೂವತ್ತು ವರ್ಷದಿಂದ ಕೂತಿದ್ದ ಮಾರಿಯೋ ಸಂಗೀತ ಆ ತಪ್ಪು ಕಂಠದ್ದು.

ರಷ್ಯದಲ್ಲಿ 1992ರಿಂದ ‘ಡೆಂಡಿ’ ಎಂಬ ಹೆಸರಿನಲ್ಲಿ ಇಂಥದೇ ನಕಲಿ ಪೆಟ್ಟಿಗೆ ಮನೆಮನೆಗೆ ಹೋಗಿತ್ತು. ಅಲ್ಲಿಯವರು ತಮ್ಮ ನಕಲನ್ನು ಮರೆಯಲಿಲ್ಲ. ಅದರಿಂದಾಗಿ ಇವತ್ತಿನ ಒಳ್ಳೆಯ ಎಮ್ಯುಲೇಟರುಗಳ ಮೆನುವಿನಲ್ಲಿ ಜಪಾನಿನ ಪದ್ಧತಿಯಾದ ಎನ್‌ಟಿಎಸ್‌ಸಿ, ಪಾಲ್ ಎಂಬ ಎರಡರ ಜತೆಗೆ ‘ಡೆಂಡಿ’ ಎಂಬ ಮೂರನೆಯ ಆಯ್ಕೆ ಇರುತ್ತದೆ. ಒಂದು ರಾತ್ರಿ ಅದನ್ನು ಒತ್ತಿದೆ. ಅಕ್ಕಪಕ್ಕದ ಮನೆಯವರ ನಿದ್ದೆ ಕೆಡದಂತೆ ವಾಲ್ಯೂಮು ತಗ್ಗಿಸಿದ್ದೆ. ಮೊದಲ ನಾಲ್ಕು ಸ್ವರಕ್ಕೇ ದಾವಣಗೆರೆಯ ಪಡಸಾಲೆ ಎದ್ದು ಬಂತು; ಒಗ್ಗರಣೆಯ ವಾಸನೆಯೊಂದಿಗೆ ಬಂತು ಅಂದರೆ ನೀವು ನಗುತ್ತೀರಿ. ದಾವಣಗೆರೆಯ ನನ್ನ ಬಾಲ್ಯ ರಷ್ಯದ ಹೆಸರಿನಡಿ ಒಂದು ಮೆನುವಿನಲ್ಲಿತ್ತು. ಹಾಗಾದರೆ ನನ್ನ ಮಟ್ಟಿಗೆ ಅಸಲಿ ಯಾವುದು? ಜಪಾನಿನ ಆ ಪೆಟ್ಟಿಗೆಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಇಟ್ಟಿದ್ದೇನೆ. ಸೋದರಮಾವ ತಂದ ನಕಲಿಯನ್ನು ನಾವು ಯಾವಾಗಲೋ ಗುಜರಿಗೆ ಹಾಕಿದ್ದೆವು. ಅಂಥದೊಂದನ್ನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ನಿಮ್ಮ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಎಸೆಯಬೇಡಿ, ನನಗೆ ಹೇಳಿ.

ಪಕ್ಕದ ಕೋಣೆಯಲ್ಲಿ ಎರಡು ಮೇಜು ಹಾಕಿಸಿದ್ದೇನೆ. ಎಡಗಡೆ ಹಳೆಯ ಟಿವಿ, ಬಲಗಡೆ ಹೊಸದು, ಎರಡರಲ್ಲೂ ಅದೇ ಜಲಪಾತ. ಕಾಫಿ ಅಲ್ಲೇ ಕೊಡುತ್ತಾರೆ. ಎಡಗಡೆಯ ಟಿವಿಯ ಹಿಂದೆ ಯಾರೂ ಕೈ ಹಾಕಬೇಡಿ. ಮತ್ತೆ, ಆಟ ಶುರುವಾಗದಿದ್ದರೆ ನಮ್ಮ ಕಾಲದಲ್ಲಿ ಕ್ಯಾಸೆಟ್ಟು ತೆಗೆದು ಉಫ್ ಎಂದು ಊದುತ್ತಿದ್ದೆವಲ್ಲ, ಅದನ್ನು ಮಾಡಬೇಡಿ. ಬಾಯಿಯ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಸ್ಪಿರಿಟ್ಟು, ಹತ್ತಿ ಮೇಜಿನ ಮೇಲೇ ಇಟ್ಟಿದ್ದೇನೆ.